ಉತ್ತರ ಅಪ್ಪ ಹೇಳಲಿ

 

ನಾನು ಸಿಡ್ನಿಯ ಪ್ಯಾರಮಟ್ಟಾದಲ್ಲಿ ಕುಟುಂಬ ವೈದ್ಯ. ಇಲ್ಲಿ ಎಲ್ಲರೂ ಜಿ.ಪಿ. ಅನ್ನುತ್ತಾರೆ. ಹ್ಯಾರಿಸ್ ಪಾರ್ಕ್, ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಟೂಂಗ್ಯಾಬಿ ಕಡೆಯ ಕನ್ನಡದ ಮನೆಯವರು ಬರುತ್ತಾರೆ. ಕಾಯಿಲೆ ಒಬ್ಬರಿಗೆ, ಬರುವವರು ಮೂವರು. ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ತರಿಸುತ್ತೇನೆ. ಅದಕ್ಕೆ ನನಗೆ ಬೇಸರವಿಲ್ಲ. ಅಪ್ಪನಿಗೆ ಮೈ ಹುಷಾರಿಲ್ಲವೆಂದು ಮಗಳು ಆಫೀಸಿಗೆ ರಜೆ ಹಾಕಿ ಜೊತೆಗೆ ಬರುವುದು ಒಳ್ಳೆಯದೇ.

ಆದರೆ ಒಂದು ಸಂಗತಿ ಗಮನಿಸಿದ್ದೇನೆ. ಅಪ್ಪನ ಮುಖ ನೋಡಿ, ಕನ್ನಡದಲ್ಲೇ ಕೇಳುತ್ತೇನೆ: "ರಾತ್ರಿ ಎಷ್ಟು ಸಲ ಏಳ್ತೀರಿ?" ಉತ್ತರ ಮಗಳಿಂದ ಬರುತ್ತದೆ. ಅದೂ ಇಂಗ್ಲಿಷಿನಲ್ಲಿ. ಭಾಷೆಯ ತೊಡಕೇ ಇಲ್ಲದ ಕಡೆ ಹೀಗಾದರೆ, ಕನ್ನಡ ಬಾರದ ವೈದ್ಯರ ಎದುರು ಏನಾಗುತ್ತದೆಂದು ನೀವೇ ಊಹಿಸಿ.

ಇವತ್ತಿನ ಮಾತು ಇದೊಂದರ ಬಗ್ಗೆ. ಒಂದು ಪರೀಕ್ಷೆಗೆ, ಒಂದು ಮಾತ್ರೆಗೆ, ಒಂದು ಸಣ್ಣ ಆಪರೇಷನ್ನಿಗೆ ಒಪ್ಪಿಗೆ ಬೇಕು. ಆ ಒಪ್ಪಿಗೆ ಯಾರದು? ಒಪ್ಪುವ ಮೊದಲು ಅವರಿಗೆ ಏನೇನು ತಿಳಿದಿರಬೇಕು?

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಅದಕ್ಕೆ ಈ ದೇಶದ ಕಾನೂನು ಕೊಟ್ಟ ಉತ್ತರ ನಮ್ಮದೇ ನ್ಯೂ ಸೌತ್ ವೇಲ್ಸ್‌ನ ಒಂದು ಮೊಕದ್ದಮೆಯಿಂದ ಬಂತು. ವಿಟಕರ್ ಎಂಬ ಒಬ್ಬ ಗೃಹಿಣಿ. ಚಿಕ್ಕಂದಿನಲ್ಲಿ ಬಲಗಣ್ಣಿಗೆ ಪೆಟ್ಟಾಗಿ ದೃಷ್ಟಿ ಹೆಚ್ಚುಕಡಿಮೆ ಹೋಗಿತ್ತು. ಎಡಗಣ್ಣು ಸರಿಯಿತ್ತು. ಓದು, ಕೆಲಸ, ಮದುವೆ, ಮಕ್ಕಳನ್ನು ಸಾಕಿದ್ದು, ಎಲ್ಲವೂ ಆ ಒಂದು ಕಣ್ಣಿನಲ್ಲೇ. ಮತ್ತೆ ಕೆಲಸಕ್ಕೆ ಸೇರುವ ಮನಸ್ಸಾಗಿ ಕಣ್ಣು ತೋರಿಸಿಕೊಳ್ಳಲು ಹೋದರು. ರಾಜರ್ಸ್ ಎಂಬ ಕಣ್ಣಿನ ಶಸ್ತ್ರವೈದ್ಯರು ಹೇಳಿದರು: ಬಲಗಣ್ಣಿಗೆ ಆಪರೇಷನ್ ಮಾಡಬಹುದು, ನೋಡಲು ಚೆನ್ನಾಗಿ ಕಾಣುತ್ತದೆ, ದೃಷ್ಟಿಯೂ ಸ್ವಲ್ಪ ಬರಬಹುದು.

ಆಕೆ ಸುಮ್ಮನೆ ತಲೆಯಾಡಿಸಿದವರಲ್ಲ. ಏನಾಗಬಹುದು, ಏನಾಗಬಹುದು ಎಂದು ಮತ್ತೆ ಮತ್ತೆ ಕೇಳಿದರು. ಒಳ್ಳೆಯ ಕಣ್ಣಿಗೆ ಏನೂ ಆಗಬಾರದು ಎಂಬುದೇ ಅವರ ಚಿಂತೆ. ಅದರ ಮೇಲೆ ಏನಾದರೂ ಮುಚ್ಚಿಡಲು ಆಗುತ್ತದೆಯೇ ಎಂದೂ ಆಪರೇಷನ್ನಿನ ಹಿಂದಿನ ದಿನ ಕೇಳಿದರು. ತಪ್ಪು ಕಣ್ಣಿಗೆ ಆಪರೇಷನ್ ಆದೀತೆಂದು ಈಕೆಗೆ ಭಯವಿದೆ ಎಂದು ಆಸ್ಪತ್ರೆಯ ಟಿಪ್ಪಣಿಯಲ್ಲೂ ಬರೆದುಕೊಂಡರು. ಒಂದು ಪ್ರಶ್ನೆ ಮಾತ್ರ ಅವರ ಬಾಯಿಂದ ಬರಲಿಲ್ಲ. ಬಲಗಣ್ಣಿನ ಆಪರೇಷನ್ನಿನಿಂದ ಎಡಗಣ್ಣೇ ಹೋಗುವ ಸಾಧ್ಯತೆ ಇದೆಯೇ ಎಂಬುದು. ಅಂಥದ್ದೊಂದು ಇದೆಯೆಂದು ಗೊತ್ತಿಲ್ಲದವರು ಅದನ್ನು ಕೇಳುವುದಾದರೂ ಹೇಗೆ?

ಅಂಥದ್ದೊಂದು ಇತ್ತು. ಒಂದು ಕಣ್ಣಿಗೆ ಗಾಯವಾದರೆ, ಅಪರೂಪಕ್ಕೆ ಇನ್ನೊಂದು ಕಣ್ಣೂ ಉರಿದೇಳುತ್ತದೆ. ಸುಮಾರು 14,000ಕ್ಕೆ ಒಬ್ಬರಿಗೆ ಆಗುವಂಥದ್ದು. ವೈದ್ಯರು ಅದನ್ನು ಹೇಳಲಿಲ್ಲ. 1984ರ ಆಗಸ್ಟಿನಲ್ಲಿ ಆಪರೇಷನ್ ಆಯಿತು. ಕೈಚಳಕದಲ್ಲಿ ಕೊರತೆ ಇರಲಿಲ್ಲ. ಆದರೆ ಬಲಗಣ್ಣಿಗೆ ದೃಷ್ಟಿ ಬರಲಿಲ್ಲ, ಎಡಗಣ್ಣಿನದೂ ಹೋಯಿತು.

1992ರಲ್ಲಿ ಮೊಕದ್ದಮೆ ಆಸ್ಟ್ರೇಲಿಯಾದ ಹೈಕೋರ್ಟನ್ನು ಮುಟ್ಟಿತು. ಇಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದಹಾಗೆ, ದೇಶದ ಕಟ್ಟಕಡೆಯ ನ್ಯಾಯಾಲಯ. ಇಷ್ಟು ಅಪರೂಪದ್ದನ್ನು ನಾವು ರೋಗಿಗೆ ಹೇಳುವುದಿಲ್ಲ ಎಂದು ಕೆಲವು ವೈದ್ಯರು ಸಾಕ್ಷ್ಯ ನುಡಿದಿದ್ದರು. ಹೇಳುತ್ತೇವೆ ಎಂದವರೂ ಇದ್ದರು. ನ್ಯಾಯಾಲಯ ಹೇಳಿದ್ದು ಇದು: ಏನನ್ನು ಹೇಳಬೇಕು ಎಂಬುದನ್ನು ವೈದ್ಯರ ರೂಢಿಯೊಂದೇ ತೀರ್ಮಾನಿಸಲು ಆಗದು. ಈ ರೋಗಿಯ ಜಾಗದಲ್ಲಿರುವ ಸಾಮಾನ್ಯ ವಿವೇಕಿಗೆ ಯಾವುದು ಮುಖ್ಯವೆನಿಸುತ್ತದೋ ಅದನ್ನು ಹೇಳಬೇಕು. ಎದುರಿಗಿರುವ ಈ ರೋಗಿಗೇ ಯಾವುದು ಮುಖ್ಯವೆಂದು ವೈದ್ಯರಿಗೆ ಗೊತ್ತೋ, ಗೊತ್ತಿರಬೇಕೋ, ಅದನ್ನೂ ಹೇಳಬೇಕು. ಆರು ನ್ಯಾಯಮೂರ್ತಿಗಳೂ ವೈದ್ಯರ ಮೇಲ್ಮನವಿಯನ್ನು ತಳ್ಳಿಹಾಕಿದರು. ಪರಿಹಾರದ ಮೊತ್ತ ಸುಮಾರು 8 ಲಕ್ಷ ಡಾಲರ್.

ಹದಿನಾಲ್ಕು ಸಾವಿರಕ್ಕೆ ಒಂದು ಎಂಬುದು ಪುಸ್ತಕದಲ್ಲಿ ಸಣ್ಣ ಸಂಖ್ಯೆ. ಒಂದೇ ಕಣ್ಣಿನಲ್ಲಿ ಬದುಕು ಕಟ್ಟಿಕೊಂಡವರಿಗೆ ಅದು ಸಣ್ಣದಲ್ಲ. ಗಂಟಲಿನ ಆಪರೇಷನ್ನಿಗೆ ಹೋದ ಇನ್ನೊಬ್ಬ ಮಹಿಳೆಯ ಮೊಕದ್ದಮೆಯೂ 1998ರಲ್ಲಿ ಇದೇ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಆಕೆ ವೈದ್ಯರಿಗೆ ಮೊದಲೇ ಹೇಳಿದ್ದರಂತೆ, ತನಗೆ ನೆವಿಲ್ ರ‍್ಯಾನ್ ಅವರ ಹಾಗಾಗುವುದು ಬೇಡ ಎಂದು. ರ‍್ಯಾನ್ ಆಕೆಯ ಆಪರೇಷನ್ನಿನ ದಿನಗಳಲ್ಲಿ ಈ ರಾಜ್ಯದ ಪ್ರೀಮಿಯರ್. ಗಂಟಲಿನ ಚಿಕಿತ್ಸೆಯ ನಂತರ ಅವರ ಧ್ವನಿ ಗೊಗ್ಗರಾಗಿತ್ತು. ಧ್ವನಿ ಹೋಗಬಹುದೆಂದು ಎಚ್ಚರಿಸದ ವೈದ್ಯರು ಆ ಮೊಕದ್ದಮೆಯಲ್ಲೂ ಸೋತರು.

ಸರಿ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ವೈದ್ಯರು ಈ ರೋಗಿಗೆ ಯಾವುದು ಮುಖ್ಯವೋ ಅದನ್ನು ಹೇಳಬೇಕು. ಹಾಗಾದರೆ ರೋಗಿಗೆ ಯಾವುದು ಮುಖ್ಯವೆಂದು ತಿಳಿಯಬೇಕಾದರೆ ರೋಗಿ ಮಾತನಾಡಬೇಕು. ನಮ್ಮ ಮನೆಗಳ ತೊಡಕು ಶುರುವಾಗುವುದು ಇಲ್ಲೇ.

ಇವೆಲ್ಲ ದೊಡ್ಡ ಆಪರೇಷನ್ನಿನ ಮಾತು, ಜಿ.ಪಿ. ಹತ್ತಿರ ಏನಿದೆ ಅನ್ನುತ್ತೀರಾ? ತೋಳು ಮುಂದೆ ಚಾಚಿದರೆ ಬಿ.ಪಿ. ನೋಡಲು ಒಪ್ಪಿದಂತೆ. ಅಷ್ಟಕ್ಕೆ ಭಾಷಣ ಬೇಡ. ಆದರೆ ಜಿ.ಪಿ. ಕೋಣೆಯಲ್ಲಿ ಅನುಮಾನ ಬಂದ ಮಚ್ಚೆಯನ್ನು ಕತ್ತರಿಸಿ ತೆಗೆಯುತ್ತೇವೆ. ಮಂಡಿಗೆ ಸ್ಟೀರಾಯ್ಡ್ ಚುಚ್ಚುತ್ತೇವೆ. ಬದುಕಿಡೀ ನುಂಗಬೇಕಾದ ಮಾತ್ರೆ ಶುರುಮಾಡುತ್ತೇವೆ. ಬರೀ ರಕ್ತ ಪರೀಕ್ಷೆಯೂ ಹಗುರವಾದದ್ದಲ್ಲ.

ಒಂದನ್ನು ಬಿಡಿಸಿ ಹೇಳುತ್ತೇನೆ. ಪಿ.ಎಸ್.ಎ. ಪರೀಕ್ಷೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಸುಳಿವಿಗಾಗಿ ಮಾಡುವುದು. ಅಪ್ಪ ಊರಿಂದ ಬಂದಿದ್ದಾರೆ, ವಯಸ್ಸು ಅರವತ್ತೈದು ಎಂದುಕೊಳ್ಳಿ. ಮಗಳು ಹೇಳುತ್ತಾಳೆ, "ಡಾಕ್ಟರ್, ಹೇಗೂ ರಕ್ತ ತೆಗೀತೀರಲ್ಲ, ಅದನ್ನೂ ಸೇರಿಸಿಬಿಡಿ." ಫಾರಂನಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು. ಹಾಗೆ ಹಾಕಿಬಿಡಬಹುದೇ?

ಆ ಸಂಖ್ಯೆ ಹೆಚ್ಚು ಬಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ವಯಸ್ಸಿಗೆ ಗ್ರಂಥಿ ಊದಿಕೊಂಡಿದ್ದರೂ, ಮೂತ್ರದಲ್ಲಿ ಸೋಂಕಿದ್ದರೂ ಹೆಚ್ಚಾಗುತ್ತದೆ. ಆದರೆ ಹೆಚ್ಚು ಬಂದ ಮೇಲೆ ಸುಮ್ಮನಿರಲು ಆಗುವುದಿಲ್ಲ. ಸ್ಕ್ಯಾನ್ ಬರುತ್ತದೆ. ಆಮೇಲೆ ಬಯಾಪ್ಸಿ ಬರಬಹುದು. ಕ್ಯಾನ್ಸರ್ ಸಿಕ್ಕರೂ ಅದು ನಿಧಾನವಾಗಿ ಬೆಳೆಯುವ, ಆಯುಸ್ಸು ಮುಗಿಯುವತನಕ ತೊಂದರೆ ಕೊಡದ ಜಾತಿಯದಾಗಿರಬಹುದು. ಚಿಕಿತ್ಸೆ ಮಾಡಿಸಿದರೆ ಕೆಲವರಿಗೆ ಮೂತ್ರದ ಹಿಡಿತ ತಪ್ಪುತ್ತದೆ. ಗಂಡಹೆಂಡಿರ ಸಂಬಂಧಕ್ಕೆ ಬೇಕಾದ ಶಕ್ತಿ ಕುಗ್ಗುತ್ತದೆ. ಇನ್ನೊಂದು ಪಕ್ಕವನ್ನೂ ಹೇಳಬೇಕು. ಕೆಲವು ಕ್ಯಾನ್ಸರ್‌ಗಳು ಬೇಗ ಹರಡುತ್ತವೆ. ಅವು ಮೊದಲೇ ಸಿಕ್ಕರೆ ಜೀವ ಉಳಿಯಬಹುದು. ಹೀಗೆ ಎರಡು ಪಕ್ಕವೂ ಇರುವುದರಿಂದಲೇ ರಕ್ತ ತೆಗೆಯುವ ಮೊದಲು ಮಾತಾಡಿ ಎಂದು ಇಲ್ಲಿನ ವೈದ್ಯಕೀಯ ಮಾರ್ಗಸೂಚಿ ಹೇಳುವುದು.

ಈಗ ಈ ಮಾತುಗಳನ್ನು ಇಂಗ್ಲಿಷ್ ವೈದ್ಯರೊಬ್ಬರು ಹೇಳುತ್ತಿದ್ದಾರೆ, ಮಗಳು ಅನುವಾದ ಮಾಡುತ್ತಿದ್ದಾಳೆ. ಸ್ಕ್ಯಾನಿನ ತನಕ ಬಂತು. ಬಯಾಪ್ಸಿಯೂ ಬಂತು. ಮುಂದಿನ ವಾಕ್ಯ? ಅದನ್ನು ಅವಳು ಅಪ್ಪನ ಎದುರು ಯಾವ ಬಾಯಲ್ಲಿ ಹೇಳಬೇಕು? ಹೇಳುವುದಿಲ್ಲ. "ಸ್ವಲ್ಪ ಸೈಡ್ ಎಫೆಕ್ಟ್ ಇರುತ್ತಂತಪ್ಪ" ಎಂದು ಮುಂದೆ ಹೋಗುತ್ತಾಳೆ. ಅಪ್ಪ ತಲೆಯಾಡಿಸುತ್ತಾರೆ. ವೈದ್ಯರು ತಾವು ಹೇಳಬೇಕಾದ್ದನ್ನೆಲ್ಲ ಹೇಳಿದ್ದೇವೆ, ರೋಗಿ ಒಪ್ಪಿದ್ದಾರೆ ಎಂದು ಬರೆದುಕೊಳ್ಳುತ್ತಾರೆ. ಯಾರೂ ಸುಳ್ಳು ಹೇಳಲಿಲ್ಲ. ಆದರೂ ಅಪ್ಪ ಒಪ್ಪಿದ್ದು ಅಪ್ಪನಿಗೆ ಗೊತ್ತಿಲ್ಲದ ವಿಷಯಕ್ಕೆ.

ಅಮ್ಮ ಮಗನ ಜೊತೆ ಬಂದಾಗಲೂ ಇದೇ ಕಥೆ. ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಇಲ್ಲಿ 25ರಿಂದ 74 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ. ನಮ್ಮ ಎಷ್ಟೋ ಹೆಂಗಸರು ಬೇಡವೆನ್ನುತ್ತಾರೆ. ನಾಚಿಕೆ, ನೋವಿನ ಭಯ. 2022ರ ಜುಲೈಯಿಂದ ಇನ್ನೊಂದು ದಾರಿ ಎಲ್ಲರಿಗೂ ತೆರೆದಿದೆ. ಪರದೆಯ ಹಿಂದೆ ಹೋಗಿ, ಹತ್ತಿ ಸುತ್ತಿದ ಒಂದು ಕಡ್ಡಿಯಿಂದ ಮಾದರಿಯನ್ನು ಅವರೇ ತೆಗೆದುಕೊಡಬಹುದು. ಯಾರೂ ಮುಟ್ಟಬೇಕಾಗಿಲ್ಲ. ಇದು ಗೊತ್ತಾದ ಮೇಲೂ ಬೇಡ ಎಂದರೆ ಅದು ಅಮ್ಮನ ತೀರ್ಮಾನ. ಇದು ಗೊತ್ತಿಲ್ಲದೆ ಬೇಡ ಎಂದದ್ದನ್ನು ತೀರ್ಮಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟು ಹೊತ್ತು ಏನು ತಿಳಿದಿರಬೇಕು ಎಂಬುದನ್ನು ನೋಡಿದೆವು. ಆಗುವ ಲಾಭ, ಆಗಬಹುದಾದ ಹಾನಿ, ಬೇರೆ ದಾರಿ, ಏನೂ ಮಾಡದಿದ್ದರೆ ಆಗುವುದು. ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಒಪ್ಪಿಗೆ ಯಾರದು?

ನಮ್ಮ ಊರಿನ ಪದ್ಧತಿ ನಿಮಗೆ ಗೊತ್ತು. ವೈದ್ಯರು ಮಗನನ್ನು ಹೊರಗೆ ಕರೆದು ವಿಷಯ ಹೇಳುತ್ತಾರೆ. ಮಗ ಒಳಗೆ ಬಂದು "ಏನೂ ಇಲ್ಲಮ್ಮ, ಎಲ್ಲ ಸರಿಹೋಗುತ್ತೆ" ಅನ್ನುತ್ತಾನೆ. ಅದು ಪ್ರೀತಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಭಾರತದ ಕಾನೂನೂ ಅದನ್ನು ಒಪ್ಪಿಗೆ ಎನ್ನುವುದಿಲ್ಲ. ಆಸ್ಟ್ರೇಲಿಯಾದವರ ನಿಯಮ ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎನ್ನುವವರಿಗಾಗಿ ಇದನ್ನು ಹೇಳುತ್ತಿದ್ದೇನೆ.

ದೆಹಲಿಯ ಸಮೀರಾ ಕೊಹ್ಲಿ ಮೊಕದ್ದಮೆ. 1995ರ ಸಂಗತಿ. ಮದುವೆಯಾಗದ, ನಲವತ್ತು ದಾಟಿದ ಮಹಿಳೆ ರೋಗ ಏನೆಂದು ತಿಳಿಯಲು ಲ್ಯಾಪರೊಸ್ಕೋಪಿಗೆ ಒಪ್ಪಿ ಅರಿವಳಿಕೆ ತೆಗೆದುಕೊಂಡರು. ಒಳಗೆ ನೋಡಿದ ವೈದ್ಯರಿಗೆ ಗರ್ಭಕೋಶ, ಅಂಡಾಶಯ ತೆಗೆಯುವುದೇ ಸರಿ ಎನಿಸಿತು. ಹೊರಗೆ ಕಾಯುತ್ತಿದ್ದ ತಾಯಿಯನ್ನು ಕೇಳಿದರು. ವಯಸ್ಸಾದ ತಾಯಿ ಒಪ್ಪಿದರು. ತೆಗೆದರು. ಮಗಳಿಗೆ ಎಚ್ಚರವಾದ ಮೇಲೆ ತಿಳಿಯಿತು.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಅವರು ಹೇಳಿದ್ದು ಸರಳ. ಮಗಳು ವಯಸ್ಕಳು, ಬುದ್ಧಿ ಸರಿಯಿದೆ, ಸ್ವಲ್ಪ ಹೊತ್ತಿನಲ್ಲಿ ಎಚ್ಚರವಾಗುತ್ತಾಳೆ. ಜೀವಕ್ಕೆ ತಕ್ಷಣದ ಅಪಾಯವಿಲ್ಲ. ಹಾಗಿರುವಾಗ ತಾಯಿಯ ಒಪ್ಪಿಗೆಗೆ ಬೆಲೆಯಿಲ್ಲ, ಕಾಯಬೇಕಿತ್ತು. ವೈದ್ಯರು ರೋಗಿಯ ಒಳಿತಿಗೆಂದೇ ಮಾಡಿದ್ದಿರಬಹುದು, ಆದರೂ ಅದು ಅನುಮತಿಯಿಲ್ಲದ ಕೆಲಸ. ಎಷ್ಟು ಮಾಹಿತಿ ಕೊಡಬೇಕು ಎಂಬುದರಲ್ಲಿ ಭಾರತದ ತೀರ್ಪು ಇಲ್ಲಿಯಷ್ಟು ದೂರ ಹೋಗಲಿಲ್ಲ. ಪರಿಹಾರವೂ ಕೇವಲ 25,000 ರೂಪಾಯಿ. ಅದು ನನಗೆ ಸಮಾಧಾನ ತರುವುದಿಲ್ಲ. ಆದರೆ ಯಾರ ಒಪ್ಪಿಗೆ ಎಂಬುದರಲ್ಲಿ ಎರಡು ದೇಶಕ್ಕೂ ಭಿನ್ನಾಭಿಪ್ರಾಯವಿಲ್ಲ. ತಾಯಿ ಮಗಳಿಗಾಗಿ ಒಪ್ಪಲು ಬರುವುದಿಲ್ಲ. ಮಗಳು ಅಪ್ಪನಿಗಾಗಿ ಒಪ್ಪಲೂ ಬರುವುದಿಲ್ಲ.

ಇಲ್ಲಿ ಕೆಲವರು ಕೇಳುತ್ತಾರೆ, ಅಪ್ಪನಿಗೆ ನೆನಪೇ ಉಳಿಯುವುದಿಲ್ಲ, ಆಗ? ಆಗ ಮಾತು ಬೇರೆ. ನ್ಯೂ ಸೌತ್ ವೇಲ್ಸ್‌ನಲ್ಲಿ 1987ರ ಗಾರ್ಡಿಯನ್‌ಶಿಪ್ ಕಾನೂನು ಒಂದು ಸರದಿ ಹಾಕಿದೆ. ಮೊದಲು ನೇಮಕವಾದ ಗಾರ್ಡಿಯನ್, ಇಲ್ಲದಿದ್ದರೆ ಗಂಡ ಅಥವಾ ಹೆಂಡತಿ, ಆಮೇಲೆ ನೋಡಿಕೊಳ್ಳುವವರು, ಆಮೇಲೆ ಹತ್ತಿರದ ನೆಂಟರು, ಸ್ನೇಹಿತರು. ಗಮನಿಸಿ, ಹಿರಿಮಗ ಎಂಬ ಸ್ಥಾನ ಈ ಸರದಿಯಲ್ಲಿ ಇಲ್ಲ. ಅಮ್ಮ ಇದ್ದರೆ ಅಮ್ಮನನ್ನೇ ಮೊದಲು ಕೇಳುತ್ತಾರೆ. ಮೆಲ್ಬರ್ನ್‌ನವರಿಗೆ ವಿಕ್ಟೋರಿಯಾದ ಬೇರೆ ಕಾನೂನಿದೆ. 2018ರ ಮಾರ್ಚಿನಿಂದ ಜಾರಿಯಲ್ಲಿದೆ. ನನ್ನ ಪರವಾಗಿ ಇಂಥವರು ತೀರ್ಮಾನಿಸಲಿ ಎಂದು ನೆನಪು ಗಟ್ಟಿಯಿರುವಾಗಲೇ ಬರೆದಿಡಬಹುದು. ಎರಡೂ ಕಡೆ ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ವೈದ್ಯರು ಯಾರ ಸಹಿಗೂ ಕಾಯುವುದಿಲ್ಲ.

ಇನ್ನು ಹದಿಹರೆಯದ ಮಕ್ಕಳು. "ನೀವು ಸ್ವಲ್ಪ ಹೊರಗಿರಿ" ಎಂದು ವೈದ್ಯರು ಹೇಳಿದಾಗ ನಮ್ಮ ತಂದೆತಾಯಿಯರ ಧ್ವನಿ ಏರುವುದುಂಟು. ಈ ರಾಜ್ಯದ 1970ರ ಒಂದು ಕಾನೂನು 14 ತುಂಬಿದವರ ಒಪ್ಪಿಗೆಗೆ ಬೆಲೆ ಕೊಡುತ್ತದೆ. ವಿಷಯವನ್ನು ಪೂರ್ತಿ ಅರ್ಥಮಾಡಿಕೊಳ್ಳುವಷ್ಟು ಬೆಳೆದ ಮಗು ತಾನೇ ಒಪ್ಪಬಲ್ಲದು ಎಂದು ದೇಶದ ಹೈಕೋರ್ಟ್ ಕೂಡ 1992ರಲ್ಲೇ ಹೇಳಿದೆ. ವೈದ್ಯರು ನಿಮ್ಮನ್ನು ಅವಮಾನಿಸುತ್ತಿಲ್ಲ.

ಮತ್ತೆ ಅಪ್ಪನ ಕುರ್ಚಿಗೆ ಬರೋಣ. ಒಪ್ಪಿಗೆ ಅಪ್ಪನದು ಎಂದಾಯಿತು. ಅಪ್ಪನಿಗೆ ಇಂಗ್ಲಿಷ್ ಬಾರದು, ಮಗಳಿಗೆ ಕೆಲವು ವಾಕ್ಯ ಹೇಳಲು ಬಾರದು. ದಾರಿ ಏನು?

ದುಭಾಷಿಗಳು. 1973ರಲ್ಲಿ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ತುರ್ತು ಸೇವೆಯಾಗಿ ಶುರುವಾದ ದೂರವಾಣಿ ಸೇವೆ ಇಂದು ದೇಶಕ್ಕೆಲ್ಲ ಹಗಲೂ ರಾತ್ರಿ ಇದೆ. ಪೆನ್ನು ತೆಗೆದುಕೊಳ್ಳಿ. 131 450. ಮತ್ತೊಮ್ಮೆ: ಒಂದು ಮೂರು ಒಂದು, ನಾಲ್ಕು ಐದು ಸೊನ್ನೆ. ರೋಗಿಗೆ ಮೆಡಿಕೇರ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್ ಇದ್ದರೆ ಜಿ.ಪಿ. ಈ ಸೇವೆಯನ್ನು ಬಳಸಲು ಯಾರೂ ದುಡ್ಡು ಕೊಡಬೇಕಿಲ್ಲ. ವೈದ್ಯರ ಮೇಜಿನ ಮೇಲಿನ ಫೋನಿನ ಸ್ಪೀಕರಿನಿಂದ ಕನ್ನಡ ಬರುತ್ತದೆ. ಹೇಳಿದ್ದನ್ನು ಬಿಡದೆ, ಹೇಳದ್ದನ್ನು ಸೇರಿಸದೆ ಹೇಳುವುದು ಅವರ ವೃತ್ತಿಧರ್ಮ. ಮಗಳು ನುಂಗಿಕೊಂಡ ವಾಕ್ಯವನ್ನು ಅವರು ನುಂಗಿಕೊಳ್ಳುವಂತಿಲ್ಲ. ಧಾರವಾಡದ ಅಜ್ಜನಿಗೆ ಮೈಸೂರಿನ ದುಭಾಷಿ ಸಿಗಬಹುದು, ಮೊದಲೆರಡು ನಿಮಿಷ ಕಸಿವಿಸಿಯಾಗುತ್ತದೆ, ಆಮೇಲೆ ಸರಿಹೋಗುತ್ತದೆ.

ಇಲ್ಲೊಂದು ಹಿಂಜರಿಕೆಯಿದೆ, ಅದು ನನಗೆ ಅರ್ಥವಾಗುತ್ತದೆ. ನಮ್ಮವರು ಇಲ್ಲಿ ಕೆಲವೇ ಸಾವಿರ. ಇವತ್ತು ನನ್ನ ಗುಟ್ಟು ಕೇಳಿದ ದುಭಾಷಿ ನಾಳೆ ಯುಗಾದಿ ಊಟದ ಪಂಕ್ತಿಯಲ್ಲಿ ಎದುರಿಗೆ ಕೂತರೆ? ಗುಟ್ಟು ಕಾಯುವುದು ಅವರ ಕರ್ತವ್ಯ. ಅದೂ ಸಾಲದೆನಿಸಿದರೆ ಫೋನಿನಲ್ಲಿ ರೋಗಿಯ ಹೆಸರು ಹೇಳಬೇಡಿ ಎಂದು ವೈದ್ಯರನ್ನು ಕೇಳಿಕೊಳ್ಳಿ. ಗಂಡಸು ಬೇಕು, ಹೆಂಗಸು ಬೇಕು ಎಂದೂ ಕೇಳಬಹುದು, ಬೇರೆ ರಾಜ್ಯದವರು ಸಿಗುತ್ತಾರೆಯೇ ಎಂದೂ ವಿಚಾರಿಸಬಹುದು.

ದುಭಾಷಿ ಬಂದರೆ ಮಗಳಿಗೆ ಕೆಲಸವಿಲ್ಲವೇ? ಇದೆ. ಆಗ ಅವಳು ಬರೀ ಮಗಳಾಗಿ ಅಪ್ಪನ ಪಕ್ಕ ಕೂರಬಹುದು. ಅಪ್ಪ ಮರೆತ ಮಾತ್ರೆಯ ಹೆಸರು ನೆನಪಿಸಬಹುದು. ತನಗೆ ಅರ್ಥವಾಗದ್ದನ್ನು ತಾನೂ ಕೇಳಬಹುದು.

ನಡುವೆ ಒಂದು ಹೊಸ ವಿಷಯ. ಈಗ ಕೆಲವು ಕ್ಲಿನಿಕ್‌ಗಳಲ್ಲಿ ಮಾತುಕತೆಯನ್ನು ಕೇಳಿಸಿಕೊಂಡು ಟಿಪ್ಪಣಿ ಬರೆಯುವ ಕಂಪ್ಯೂಟರ್ ತಂತ್ರಾಂಶ ಬಂದಿದೆ. ಅದನ್ನು ಶುರುಮಾಡುವ ಮೊದಲೂ ವೈದ್ಯರು ಅನುಮತಿ ಕೇಳಬೇಕು. ವಿದ್ಯಾರ್ಥಿಯೊಬ್ಬರು ಕೋಣೆಯಲ್ಲಿ ಕೂತು ನೋಡಬೇಕಾದರೂ ಹಾಗೆಯೇ. ಬೇಡ ಎಂದರೆ ನಿಮ್ಮ ಚಿಕಿತ್ಸೆಗೆ ಕುಂದು ಬರಕೂಡದು.

ಕಡೆಯದಾಗಿ, ನಾನು ಅತಿ ಹೆಚ್ಚು ಕೇಳುವ ಮಾತು. "ನನಗೇನು ಗೊತ್ತಾಗುತ್ತೆ ಡಾಕ್ಟ್ರೇ, ಮಗ ಹೇಳಿದ ಹಾಗೆ ಮಾಡಿ." ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕೇನು ಮಾಡುವುದು?

ಇದನ್ನು ತಳ್ಳಿಹಾಕಲು ನಾನು ತಯಾರಿಲ್ಲ. ಮಗನ ಮೇಲೆ ಭಾರ ಹಾಕುವುದೂ ಒಂದು ಆಯ್ಕೆ. ವಿವರ ಬೇಡ ಎನ್ನುವ ಹಕ್ಕೂ ರೋಗಿಗಿದೆ. ಆದರೆ ಅದು ನಿಜವಾಗಿ ಅವರ ಆಯ್ಕೆಯೇ ಎಂದು ತಿಳಿಯಬೇಕು. ಆದ್ದರಿಂದ ಮಗನನ್ನು ಐದು ನಿಮಿಷ ಹೊರಗೆ ಕೂರಲು ಹೇಳುತ್ತೇನೆ. ಆಗ ಅಪ್ಪ ಬಾಯಿಬಿಡುತ್ತಾರೆ. ಬಹಳ ಸಲ ಹೊರಬರುವುದು ರೋಗದ ಭಯ ಅಲ್ಲ, ಖರ್ಚಿನ ಭಯ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲ. ಈ ವಿಷಯದಲ್ಲಿ ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಒಪ್ಪಂದವಿಲ್ಲ. ಊರಲ್ಲಿ ಕೊಂಡುತಂದ ವಿಮೆ ಹಳೆಯ ಕಾಯಿಲೆಗೆ ಕೊಡದಿರಬಹುದು. ಮಗನ ಮನೆಯ ಸಾಲದ ಕಂತು ಎಷ್ಟೆಂದು ಅಪ್ಪನಿಗೆ ಗೊತ್ತು. ಸ್ಕ್ಯಾನಿಗೆ ಎಷ್ಟಾಗುತ್ತದೆಂದು ಗೊತ್ತಿಲ್ಲ. ಮಗನ ಎದುರು ಕೇಳಲು ಅಭಿಮಾನ ಬಿಡುವುದಿಲ್ಲ.

ಎಷ್ಟಾಗುತ್ತದೆಂದು ಮೊದಲೇ ತಿಳಿಯುವುದೂ ಒಪ್ಪಿಗೆಯ ಭಾಗವೇ. ಬರೆದುಕೊಡಿ ಎಂದು ಕೇಳಿ. ತಜ್ಞರ ಹತ್ತಿರ ಹೋಗುವ ಮೊದಲು ಅವರ ಆಫೀಸಿಗೂ ಫೋನು ಮಾಡಿ ಕೇಳಿ. ಊರಿಗೆ ಹೋಗಿ ಮಾಡಿಸಿದರೆ ನಡೆಯುತ್ತದೆಯೇ, ಅಲ್ಲಿಯವರೆಗೆ ಕಾಯಬಹುದೇ ಎಂದು ನನ್ನನ್ನೇ ಕೇಳಿ. ಕೆಲವಕ್ಕೆ ಕಾಯಬಹುದು, ಕೆಲವಕ್ಕೆ ಆಗದು, ಯಾವುದು ಯಾವುದೆಂದು ಹೇಳುತ್ತೇನೆ.

ಇಷ್ಟಾದ ಮೇಲೂ ಕೆಲವರು "ಮಗ ಹೇಳಿದ ಹಾಗೇ ಆಗಲಿ" ಅನ್ನುತ್ತಾರೆ. ಆಗ ಅದನ್ನು ಅವರ ಮಾತಿನಲ್ಲೇ, ತಾರೀಖು ಹಾಕಿ ಬರೆದುಕೊಳ್ಳುತ್ತೇನೆ. ಮಗನನ್ನು ಒಳಗೆ ಕರೆಯುತ್ತೇನೆ. ಮುಂದಿನ ಸಲ ಬಂದಾಗ ಅಪ್ಪನನ್ನು ಮತ್ತೆ ಕೇಳುತ್ತೇನೆ.